ಪೈಸಾರಿ ಗುಡ್ಡದ ಮೊದಲ ಕಾವಲು

ಸಿದ್ದಮ್ಮನ ಗುಂಡಿ ತೆಗೆಯುವುದಕ್ಕೆ ಯಾರ ಗುದ್ದಲಿ ಎಂಬ ಮಾತು, ಅವಳನ್ನು ಮಗಳ ಲೈನ್‌ಮನೆಯ ಜಗಲಿಗೆ ತಂದು ಮಲಗಿಸಿದ ಸ್ವಲ್ಪ ಹೊತ್ತಿಗೇ ಶುರುವಾಯಿತು. ಶುರುವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಸಾಯುವ ಮುಂಚಿನ ವಾರ ಮಡಿಕೇರಿಯ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು, "ಟೀಚ್ರೆ, ಗುದ್ದಲಿ ಕೇಳಕ್ಕೆ ಯಾರ್ನೂ ಬುಡಬ್ಯಾಡಿ" ಎಂದಿದ್ದಳು. ಬೇರೆ ಏನನ್ನೂ ಕೇಳಲಿಲ್ಲ.

ಸುಂಟಿಕೊಪ್ಪದ ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಹೇಳುತ್ತಿದ್ದೆ, ಅವಳು ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ನಮ್ಮ ಸ್ನೇಹ ಜಗಳದಿಂದ ಶುರುವಾಯಿತು. ಸಾಂಬಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದೆ. "ಐಕ್ಳು ಬಾಯ್ ಮುಚ್ಕೊಂಡು ತಿಂತಾವೆ, ನಿಮಗೇನ್ ಬಂದದೆ ರೋಗ" ಎಂದಳು. ನಾನು ನಿವೃತ್ತಳಾಗುವವರೆಗೂ ಆ ಸಾಂಬಾರಿನಲ್ಲಿ ಉಪ್ಪು ಜಾಸ್ತಿಯೇ ಇತ್ತು. ಹೊಗೆಸೊಪ್ಪನ್ನೂ ಅವಳು ಬಿಡಲಿಲ್ಲ. ಕೊನೆಗೆ ಅದೇ ಅವಳ ಗಂಟಲನ್ನು ತಿಂದಿತು.

ಅವಳು ಹುಟ್ಟಿದ್ದು ಒಳಗಿನ ಒಂದು ಕಾಫಿ ತೋಟದ, ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್‌ಮನೆಯಲ್ಲಿ. ಅವಳ ತಾತನನ್ನು ಹುಣಸೂರಿನ ಕಡೆಯಿಂದ ಆ ತೋಟಕ್ಕೆ ಕರೆತಂದಿದ್ದರು. ಮದುವೆಯ ಖರ್ಚಿಗೆಂದು ಅವನು ತೋಟದ ಸಾಹುಕಾರರ ಮುಂದೆ ಸಾಲಕ್ಕೆ ಕೈಯೊಡ್ಡಿದ್ದನಂತೆ. ಎಷ್ಟಕ್ಕೆ ಎಂದು ಮಗನಿಗೂ ಗೊತ್ತಿರಲಿಲ್ಲ, ಮೊಮ್ಮಗಳಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯುವ ಅಗತ್ಯವೂ ಯಾರಿಗೂ ಬೀಳಲಿಲ್ಲ. ಜೀತ ಅಪ್ಪನಿಂದ ಮಗನಿಗೆ ಹೋಗುವುದಕ್ಕೆ ಆ ತೋಟದಲ್ಲಿ ಬೇರೆಯೇ ಒಂದು ದಾರಿ ಇತ್ತು.

ಲೈನಿನಲ್ಲಿ ಯಾರಾದರೂ ಸತ್ತರೆ ಅವರ ಕಡೆಯ ಹಿರಿಯನೊಬ್ಬ ಸಾಹುಕಾರರ ಅಂಗಳಕ್ಕೆ ಹೋಗಿ ಹೆಗಲ ಮೇಲಿನ ಟವೆಲ್ ತೆಗೆದು ನಿಲ್ಲಬೇಕು, "ಜಾಗ ಬೇಕು" ಎನ್ನಬೇಕು. ಸಾಹುಕಾರರು ತೋಟದ ಮೂಲೆಯಲ್ಲಿ ಇಂಥ ಕಡೆ ಎಂದು ಹೇಳಿ, ಸ್ಟೋರಿನಿಂದ ಒಂದು ಗುದ್ದಲಿ ತರಿಸಿ ನೆಲದ ಮೇಲೆ ಇಡಿಸುತ್ತಿದ್ದರು. ಕೇಳಲು ಹೋದವನು ಬಾಗಿ ಎತ್ತಿಕೊಳ್ಳಬೇಕು. ಮೂರನೆಯ ದಿನ, ಹಾಲುತುಪ್ಪ ಬಿಟ್ಟ ಮೇಲೆ, ಸತ್ತವನ ಮಗ ಆ ಗುದ್ದಲಿಯನ್ನು ತೊಳೆದು ಹಿಂದಕ್ಕೆ ಕೊಡಬೇಕು. ಕೊಟ್ಟವನು ಮಾರನೆಯ ಬೆಳಿಗ್ಗೆ ಸತ್ತವನ ಜಾಗದಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದ. ನೀನು ಜೀತದವನು ಎಂದು ಅವನಿಗೆ ಯಾರೂ ಹೇಳುತ್ತಿರಲಿಲ್ಲ. ಗುದ್ದಲಿ ತಂದುಕೊಟ್ಟನಲ್ಲ, ಅಷ್ಟೇ ಸಾಕಾಗಿತ್ತು.

ಕೊಡಗಿನಲ್ಲಿ ಆಳುಗಳನ್ನು ಗದ್ದೆಯ ಜೊತೆಗೇ ಕೊಡುವ, ಕೊಳ್ಳುವ ಕಾಲವೊಂದಿತ್ತು. ಅರಸರ ಆಳ್ವಿಕೆ ಹೋಗಿ ಕಂಪನಿ ಬಂತು. ೧೮೪೩ರಲ್ಲಿ ಕಂಪನಿಯ ಸರ್ಕಾರ, ಒಬ್ಬ ಮನುಷ್ಯ ಇನ್ನೊಬ್ಬನ ಆಸ್ತಿ ಎಂಬ ಹಕ್ಕನ್ನು ಯಾವ ಕೋರ್ಟೂ ಎತ್ತಿಹಿಡಿಯಬಾರದು ಎಂದಿತು. ಆಮೇಲೆ ದೊಡ್ಡ ಕಾಫಿ ತೋಟಗಳು ಎದ್ದವು, ತೋಟಕ್ಕೆ ಆಳು ಬೇಕಾದರು. ಜೀತವನ್ನು ಪೂರ್ತಿ ರದ್ದು ಮಾಡುವ ಕಾನೂನು ಬಂದದ್ದು ೧೯೭೬ರಲ್ಲಿ. ಅದಾದ ಮೇಲೆ ಜೀಪಿನಲ್ಲಿ ಬಂದ ಒಬ್ಬ ಅಧಿಕಾರಿ ಆ ಲೈನಿನವರನ್ನೆಲ್ಲ ಕಾಫಿ ಕಣದಲ್ಲಿ ಕೂರಿಸಿ, ಇನ್ನು ಇಲ್ಲಿ ಯಾರೂ ಜೀತದಾಳಲ್ಲ ಎಂದು ಹೇಳಿ ಹೋದರು. ಎಲ್ಲರೂ ಕೈ ಮುಗಿದರು. ಗುದ್ದಲಿಯ ವಿಷಯ ಆ ಅಧಿಕಾರಿಗೆ ಗೊತ್ತಿರಲಿಲ್ಲ.

ಮುಂದಿನ ಕಾಫಿ ಪಿಕಿಂಗ್ ಕಾಲದಲ್ಲಿ ಸಿದ್ದಮ್ಮನ ಅಪ್ಪ ಸತ್ತ. ಗಂಡುಮಕ್ಕಳಿರಲಿಲ್ಲ. ಇವಳೊಬ್ಬಳೇ, ಆಗಿನ್ನೂ ಮದುವೆಯಾಗಿರಲಿಲ್ಲ. ನೆರೆಯವರು ಹೋಗಿ ಗುದ್ದಲಿ ತಂದರು, ಹೂತರು. ಮೂರನೆಯ ದಿನ ಅವಳ ಕೈಗೆ ಗುದ್ದಲಿ ಕೊಟ್ಟು, ತೊಳೆದುಕೊಂಡು ಹೋಗವ್ವ ಎಂದರು. ಅವಳು ತೊಳೆದಳು. ತೊಳೆದು, ಅಪ್ಪನ ಗುಂಡಿಯ ತಲೆಯ ಕಡೆ ಮಣ್ಣಿಗೆ ಕಚ್ಚಿಸಿ ನಿಲ್ಲಿಸಿ, "ತಂದಿದ್ದು ನಮ್ಮಪ್ಪಂಗೆ, ಅವ್ನೇ ಕೊಡ್ಲಿ" ಎಂದಳಂತೆ. ಅಲ್ಲಿಂದ ಹಾಗೇ ನಡೆದು ಸುಂಟಿಕೊಪ್ಪಕ್ಕೆ ಬಂದು ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿಕೊಂಡಳು.

ಆ ಗುದ್ದಲಿಯನ್ನು ಸಾಹುಕಾರರು ತರಿಸಲಿಲ್ಲ. ಲೈನಿನವರೂ ಮುಟ್ಟಲಿಲ್ಲ. ಮುಟ್ಟಿ ತಂದುಕೊಟ್ಟವನು ಸತ್ತವನ ಜಾಗಕ್ಕೆ ನಿಲ್ಲಬೇಕಲ್ಲ. ಮರದ ಕಾವಿಗೆ ಗೆದ್ದಲು ಹತ್ತಿತು, ತಲೆ ತುಕ್ಕು ಹಿಡಿದು ಬಿತ್ತು. ಸ್ಟೋರಿನಲ್ಲಿ ಬೇರೆ ಗುದ್ದಲಿಗಳಿದ್ದವು. ಪದ್ಧತಿ ಮುಂದುವರಿಯಿತು. ಅವಳ ಅಮ್ಮನೂ ಆ ಲೈನಿನಲ್ಲೇ ಇದ್ದು, ಅಲ್ಲೇ ದುಡಿದು ಸತ್ತಳು.

ಸಿದ್ದಮ್ಮ ಲಾರಿ ಲೋಡಿಂಗಿನವನೊಬ್ಬನನ್ನು ಮದುವೆಯಾದಳು. ಅವನು ಬೇಗ ತೀರಿಕೊಂಡ. ಮಗಳು ಪ್ರೇಮಾವತಿಯನ್ನು ಓದಿಸಿದಳು, ಅದು ಹತ್ತನೇ ತರಗತಿಯವರೆಗೆ ನಡೆಯಿತು. ಪ್ರೇಮಾವತಿ ಪ್ರೀತಿಸಿ ಮದುವೆಯಾದ ಹುಡುಗ ಅದೇ ತೋಟದ ಲೈನಿನವನು. ಸಿದ್ದಮ್ಮ ಒಂದು ತಿಂಗಳು ಮಗಳ ಜೊತೆ ಮಾತು ಬಿಟ್ಟಳು. ಆಮೇಲೆ ವಾರಕ್ಕೊಮ್ಮೆ ಮೀನು ತೆಗೆದುಕೊಂಡು ಆ ಲೈನಿಗೇ ಹೋಗತೊಡಗಿದಳು. ಮೈ ಕೆಟ್ಟ ಮೇಲೆ ಮಗಳ ಮನೆಯಲ್ಲೇ ಉಳಿದಳು.

ಶಾಲೆಯಲ್ಲಿ ಊಟದ ಗದ್ದಲ ಮುಗಿದ ಮೇಲೆ ನಾನು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಓದುತ್ತಿದ್ದೆ, ಅವಳು ಮಾರನೆಯ ದಿನದ ಸೊಪ್ಪು ಬಿಡಿಸುತ್ತಿದ್ದಳು. ಓದಿದ್ದನ್ನು ಹೇಳಬೇಕು. ಬೇರೆ ದೇಶದ ಗುಲಾಮರ ಕಥೆಯಾದರೆ ಸೊಪ್ಪು ಕೈಯಲ್ಲೇ ನಿಲ್ಲುತ್ತಿತ್ತು.

"ಅಲ್ಲೂ ಬುಟ್ರಾ?"

"ಬಿಟ್ರು. ಬ್ರೆಜಿಲ್ ಅಂತ. ೧೮೮೮ರಲ್ಲಿ. ಅಲ್ಲಿಯದೂ ಕಾಫಿ ತೋಟಗಳೇ."

"ಓ, ಅಲ್ಲೂ ಕಾಪಿನೇಯಾ." ಸೊಪ್ಪಿನ ಕಡ್ಡಿ ಪಕ್ಕಕ್ಕೆ ಹಾಕಿ, "ಬುಟ್ಟ ಮ್ಯಾಕೆ ಸತ್ತೋರ್ನ ಎಲ್ಲಿ ಊತ್ರು?"

ಪ್ರತಿಸಲವೂ ಅದೇ ಪ್ರಶ್ನೆ. ರಷ್ಯಾದಲ್ಲಿ ಎಲ್ಲಿ ಹೂತರು, ಹೈಟಿಯಲ್ಲಿ ಎಲ್ಲಿ ಹೂತರು. ಕಾನೂನು ಯಾವಾಗ ಬಂತು, ಯಜಮಾನರಿಗೆ ಪರಿಹಾರ ಎಷ್ಟು ಸಿಕ್ಕಿತು ಎಂಬುದೆಲ್ಲ ಪುಸ್ತಕಗಳಲ್ಲಿ ಇರುತ್ತದೆ. ಹೂತ ಜಾಗದ ಮಾತು ಕಡಿಮೆ. ಒಮ್ಮೆ ಮಾತ್ರ ನನಗೆ ಉತ್ತರ ಸಿಕ್ಕಿತು. ಅಮೆರಿಕದ ಕೆಲವು ಊರುಗಳಲ್ಲಿ ಬಿಡುಗಡೆಯಾದ ಕಪ್ಪು ಜನ ಸಂಘ ಕಟ್ಟಿಕೊಂಡು ಮೊದಮೊದಲು ಕೇಳಿದ್ದರಲ್ಲಿ ಹೂಳುವುದಕ್ಕೆ ತಮ್ಮದೇ ಒಂದು ತುಂಡು ಜಾಗವೂ ಇತ್ತು. ಅದನ್ನು ಓದಿ ಹೇಳಿದೆ.

"ನೋಡ್ದ್ರಾ," ಎಂದಳು, "ಅವ್ರಿಗೂ ಬುದ್ಧಿ ಅದೆ."

ಅಷ್ಟರಲ್ಲಾಗಲೇ ಅವಳು ಪಂಚಾಯ್ತಿಯ ಮೆಟ್ಟಿಲು ಹತ್ತಿ ಇಳಿಯಲು ಶುರುಮಾಡಿದ್ದಳು. ಲೈನುಗಳ ಜನಕ್ಕೆ ಹೂಳಲು ಜಾಗ ಬೇಕು, ತೋಟದವರದ್ದಲ್ಲದ ಜಾಗ. ಕೊಡಗಿನಲ್ಲಿ ಸರ್ಕಾರದ ಖಾಲಿ ಭೂಮಿಗೆ ಪೈಸಾರಿ ಎನ್ನುತ್ತಾರೆ. ಇಂಥ ಗುಡ್ಡದಲ್ಲಿ ಪೈಸಾರಿ ಇದೆ, ಯಾರೋ ಬೇಲಿ ಸರಿಸಿಕೊಂಡಿದ್ದಾರೆ, ಉಳಿದದ್ದು ಕೊಡಿ ಎನ್ನುತ್ತಿದ್ದಳು. ಒಬ್ಬ ಮೆಂಬರ್, "ಸಾಯೋಕೆ ಇಷ್ಟ್ ಅರ್ಜೆಂಟಾ ಸಿದ್ದಮ್ಮ?" ಎಂದು ನಗೆಯಾಡಿದ. "ನಂಗಲ್ಲ ಸ್ವಾಮಿ, ನಿಮ್ಗೆ. ಮುಂದಿನ್ ಎಲೆಕ್ಸನ್‌ಗೆ ನಮ್ ಓಟು ಬೇಕಾಯ್ತದಲ್ಲ" ಎಂದಳು. ಕೊನೆಗೆ ಜಾಗ ಸಿಕ್ಕಿತು. ಹಳ್ಳದ ಮೇಲಿನ ಇಳಿಜಾರು, ಒಂದು ಹಲಸಿನ ಮರ, ತಂತಿಬೇಲಿ, ಕಬ್ಬಿಣದ ಗೇಟು. ತೆಂಗಿನಕಾಯಿ ಒಡೆದರು, ಫೋಟೋ ತೆಗೆಸಿಕೊಂಡರು.

ಆಮೇಲೆ ಅಲ್ಲಿಗೆ ಯಾರೂ ಬರಲಿಲ್ಲ.

ಸುತ್ತಿನ ಲೈನುಗಳಲ್ಲಿ ಜನ ಸಾಯುತ್ತಲೇ ಇದ್ದರು. ಗುದ್ದಲಿ ಕೇಳಲು ಹೋಗುತ್ತಲೂ ಇದ್ದರು. ಕಾರಣ ಇಷ್ಟೇ: ಹೂಳುವ ನೆಲಕ್ಕೆ ಒಂದು ಕಾವಲಿರುತ್ತದೆ, ಎಲ್ಲರಿಗಿಂತ ಕಡೆಗೆ ಅಲ್ಲಿ ಮಲಗಿದವರು ಆ ಕಾವಲು ಕಾಯುತ್ತಾರೆ, ಅವರ ಹಿಂದೆ ಇನ್ನೊಬ್ಬರು ಬಂದಾಗ ಬಿಡುಗಡೆ ಎಂದು ಲೈನಿನ ಜನ ನಂಬುತ್ತಾರೆ. ಹಳೆಯ ಜಾಗದಲ್ಲಿ ಚಿಂತೆಯಿಲ್ಲ, ಹಿಂದೆಯೇ ಒಬ್ಬರು ಬರುತ್ತಾರೆ. ಹೊಸ ನೆಲದಲ್ಲಿ ಮೊದಲು ಮಲಗಿದವರ ಹಿಂದೆ ಯಾರೂ ಬಾರದೇ ಹೋದರೆ? ಅವರು ಅಲ್ಲೇ ನಿಲ್ಲಬೇಕು, ಯಾವತ್ತಿಗೂ. "ಬದುಕಿದ್ದಾಗ ಸಾವ್ಕಾರ್ರ ಕಣ ಕಾದಿದ್ದು ಸಾಲ್ದಾ?" ಎಂದು ಜನ ಸಿದ್ದಮ್ಮನನ್ನೇ ಕೇಳಿದರು. ಅವಳೂ ಅದನ್ನು ನಂಬುತ್ತಿದ್ದಳು. ಗುಡ್ಡದಲ್ಲಿ ದನ ಮೇದುಕೊಂಡಿದ್ದವು.

"ನಾನೇ ಮೊದಲು ಓಯ್ತೀನಿ" ಎಂದು ಅವಳು ಹೇಳತೊಡಗಿದ್ದು ಆಗ. ತಮಾಷೆಗೆ ಎಂದುಕೊಂಡೆ. ತಮಾಷೆ ಅಲ್ಲ.

ಹಾಗಾಗಿ ಆ ಬೆಳಿಗ್ಗೆ ಜಗಲಿಯ ಮೇಲೆ ಅವಳಿದ್ದಳು, ಅಂಗಳದಲ್ಲಿ ಜನರಿದ್ದರು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಗುದ್ದಲಿ ಕೇಳುವುದು ಬೇಡ, ಗುಡ್ಡಕ್ಕೆ ತಾನೇ ಮೊದಲು ಎಂಬ ಅವಳ ಮಾತನ್ನು ನಾನು ಹೇಳಿದೆ. ಪ್ರೇಮಾವತಿ ಎದ್ದು ನಿಂತಳು.

"ನಮ್ಮವ್ವ ಒಂದಿನ ಕುಂತೋಳಲ್ಲ ಟೀಚರಮ್ಮ. ಸತ್ತ ಮ್ಯಾಕೂ ಆ ಗೇಟು ಕಾಯ್ಕೊಂಡು ನಿಂತಿರ್ಬೇಕಾ? ಒಬ್ಳೇ? ಮಳೇಲಿ?" ಅಂಗಳದ ಕಡೆ ತಿರುಗಿದಳು. "ಅವಳ ಹಿಂದೆ ಯಾರ್ ಬತ್ತೀರಿ? ಕೈ ಎತ್ತಿ. ಜಾಗ ಕೊಡ್ಸು ಜಾಗ ಕೊಡ್ಸು ಅಂತ ಅವಳ ಹಿಂದೆ ಹಿಂದೆ ಸುತ್ತಿದ್ರಲ್ಲ, ಯಾರ್ ಬತ್ತೀರಿ?"

ಒಂದು ಕೈಯೂ ಮೇಲೇಳಲಿಲ್ಲ. ಅವಳು ಮತ್ತೆ ನನ್ನ ಕಡೆ ನೋಡಿದಳು. "ನೀವು ಇದ್ನೆಲ್ಲ ನಂಬಲ್ಲ. ಸರಿ. ನಿಮ್ಮವ್ವನ್ನ ಮಲಗಿಸ್ತಿದ್ರಾ ಅಲ್ಲಿ?"

ನಾನು ನನ್ನ ಅಮ್ಮನನ್ನು ನೆನೆದುಕೊಂಡೆ.

ಆಗ ಗೋಡೆಗೊರಗಿ ಕೂತಿದ್ದ ಸಣ್ಣಸ್ವಾಮಿ ಕೆಮ್ಮಿದ. ಆ ಲೈನಿನ ಅತಿ ಹಿರಿಯ ಅವನು. ಹುಡುಗನಾಗಿದ್ದಾಗ ಅಪ್ಪನ ಗುದ್ದಲಿಯನ್ನು ತೊಳೆದು ಹಿಂದಕ್ಕೆ ಕೊಟ್ಟವನು. ಹೆಂಡತಿ ಮಕ್ಕಳಿಲ್ಲ.

"ನಾನ್ ಬತ್ತೀನಿ ಕಣವ್ವ" ಎಂದ.

"ಯಾವಾಗ?"

"ಅದೇನ್ ಕುಶಾಲನಗರದ್ ಬಸ್ಸಾ, ಟೈಮ್ ಹೇಳಕ್ಕೆ? ಜಾಸ್ತಿ ಕಾಯ್ಸಲ್ಲ ಬುಡು. ಈ ಕೆಮ್ಮು ನೋಡ್ತಿದ್ದೀಯಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕುಬಿಟ್ಟರು. ಪ್ರೇಮಾವತಿ ನಗಲಿಲ್ಲ. "ಅವ್ವನ ಕಾಲ್ ಮುಟ್ಟಿ ಹೇಳು ಮಾವ. ಯಾರ್ ಏನೇ ಅಂದ್ರೂ ನನ್ನ ಅಲ್ಲೇ ಮಡಗಿ ಅಂತ ಹೇಳು." ಅವನು ಮಂಡಿ ಹಿಡಿದುಕೊಂಡು ಎದ್ದು ಬಂದು ಮುಟ್ಟಿ ಹೇಳಿದ. "ಸಿದ್ದಿ, ಕೇಳ್ಸ್ಕೊಂಡ್ಯಲ್ಲ" ಎಂದೂ ಸೇರಿಸಿದ.

ಅದೇ ಹೊತ್ತಿಗೆ ಮೊಣ್ಣಪ್ಪನವರ ಜೀಪು ಬಂತು. ಅವರು ಈಗಿನ ಸಾಹುಕಾರರು, ಸಿದ್ದಮ್ಮನ ಅಪ್ಪ ಸತ್ತಾಗ ಇದ್ದವರ ಮಗ. ಹಾರ ತಂದಿದ್ದರು. ಯಾರೂ ಕೇಳಲು ಬಾರದ್ದನ್ನು ನೋಡಿ ಗುದ್ದಲಿಯನ್ನೂ ಹಾಕಿಕೊಂಡು ಬಂದಿದ್ದರು. ನೆಲದ ಮೇಲೆ ಇಡಿಸದೆ ತಾವೇ ಎತ್ತಿ ಕೊಡಲು ಬಂದರು.

"ಬ್ಯಾಡ ಸಾವ್ಕಾರ್ರೆ" ಎಂದಳು ಪ್ರೇಮಾವತಿ.

"ನೋಡಮ್ಮ, ಅದೆಲ್ಲ ನಮ್ಮಪ್ಪನ ಕಾಲದ್ದು. ನನಗೆ ಗುದ್ದಲಿ ಅಂದ್ರೆ ಗುದ್ದಲಿ ಅಷ್ಟೆ. ವಾಪಸ್ ಕೊಡೋದೂ ಬೇಡ, ಇಟ್ಕೊಳ್ಳಿ."

"ಅದೂ ಬ್ಯಾಡ."

"ಮತ್ತೆ ಯಾತರಲ್ಲಿ ತೋಡ್ತೀರಿ?"

ಎಲ್ಲರೂ ಒಬ್ಬರನ್ನೊಬ್ಬರು ನೋಡಿದ್ದು ಆಗ. ಜೀವಮಾನವೆಲ್ಲ ಮಣ್ಣು ಅಗೆದ ಆ ಜನರಲ್ಲಿ ಯಾರ ಮನೆಯಲ್ಲೂ ಸ್ವಂತ ಗುದ್ದಲಿ ಇರಲಿಲ್ಲ. ಗುದ್ದಲಿ, ಕತ್ತಿ, ಹಾರೆ ಎಲ್ಲ ಸ್ಟೋರಿನದು. ಬೆಳಿಗ್ಗೆ ತೋಟದ ಲೆಕ್ಕ ಬರೆಯುವ ರೈಟರ್ ಕೊಡುತ್ತಾನೆ, ಸಂಜೆ ವಾಪಸ್ ಇಟ್ಟು ಬರುತ್ತಾರೆ. ಸ್ವಂತಕ್ಕೆ ಅಗೆಯಲು ಯಾರಿಗೂ ನೆಲವಿರಲಿಲ್ಲ.

ಪ್ರೇಮಾವತಿಯೂ ನಾನೂ ಆಟೋದಲ್ಲಿ ಸುಂಟಿಕೊಪ್ಪಕ್ಕೆ ಹೋದೆವು. ಅಂಗಡಿಯವನು ಹೊಸ ತಲೆಗೆ ಕಾವು ಕೂರಿಸಿ ಬೆಣೆ ಹೊಡೆದು ಕೊಡುವಾಗ, "ತೋಟ ತಗೊಂಡ್ರಾ?" ಎಂದು ಕೇಳಿದ. "ಹೂಂ, ಅವ್ವ ತಗೊಂಡವ್ಳೆ" ಎಂದಳು. ದಾರಿಯಲ್ಲಿ ಅದನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕೂತಿದ್ದಳು. ಬಸ್‌ಸ್ಟ್ಯಾಂಡ್ ದಾಟಿದ ಮೇಲೆ ಅತ್ತಳು.

ಮೊಣ್ಣಪ್ಪನವರು ನಾವು ವಾಪಸ್ ಬರುವವರೆಗೂ ಇದ್ದರು. ಹಾರ ಹಾಕಿ, ತಮ್ಮ ಗುದ್ದಲಿಯನ್ನು ಜೀಪಿನ ಹಿಂದೆ ಹಾಕಿಕೊಂಡು ಹೋದರು. ಅವರ ಮುಖ ಸಪ್ಪಗಾಗಿತ್ತು. ನಾವು ಸಿದ್ದಮ್ಮನನ್ನು ಹಲಸಿನ ಮರದ ಕೆಳಗೆ ಹೂತೆವು. ಮೂರನೆಯ ದಿನ ಹಾಲುತುಪ್ಪ ಬಿಟ್ಟಾದ ಮೇಲೆ ಪ್ರೇಮಾವತಿ ರೂಢಿಯಂತೆ ಗುದ್ದಲಿಯನ್ನು ಹಳ್ಳದಲ್ಲಿ ತೊಳೆದಳು. ತೊಳೆದ ಮೇಲೆ ಅದನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು. ಕೊನೆಗೆ ತನ್ನ ಮನೆಯ ಬಾಗಿಲ ಹಿಂದೆ ಇಟ್ಟಳು.

ಸಣ್ಣಸ್ವಾಮಿ ಪ್ರತಿ ಸಂತೆಯ ದಿನ ಗೇಟಿನವರೆಗೆ ಹೋಗಿ, "ಸಿದ್ದಿ, ಇನ್ನೂ ಇದ್ದೀನಿ ಕಣೆ, ಬೈಬ್ಯಾಡ" ಎಂದು ಕೂಗಿ ಬರುತ್ತಿದ್ದ. ಸರ್ಕಾರಿ ಆಸ್ಪತ್ರೆಯ ಮಾತ್ರೆಗೆ ಅವನ ಕೆಮ್ಮು ಇಳಿಯಿತು. "ಏನ್ ಮಾವ, ವಾಸಿ ಮಾಡ್ಕೊಂಡುಬುಟ್ಯಾ?" ಎಂದು ಪ್ರೇಮಾವತಿ ಒಂದು ದಿನ ಕೇಳಿದಳು. ಅವನಿಗೆ ನಾಚಿಕೆಯಾಯಿತು. ಈ ನಡುವೆ ಪಕ್ಕದ ಲೈನಿನಲ್ಲಿ ಒಬ್ಬರು ಹೋದರು. ಅವರ ಮನೆಯವರು ತೋಟದ ಗುದ್ದಲಿಯನ್ನೇ ತಂದರು, ತೋಟದ ಮೂಲೆಯಲ್ಲೇ ಹೂತರು. ಗುಡ್ಡದಲ್ಲಿ ಸಿದ್ದಮ್ಮ ಒಬ್ಬಳೇ ಇದ್ದಳು. ಕಾವಲಿನ ಮಾತನ್ನೆಲ್ಲ ನಾನು ನಂಬುವುದಿಲ್ಲ. ಆದರೂ ಜೋರು ಮಳೆ ಹಿಡಿದ ದಿನ ಗೇಟು ನೆನಪಾಗುತ್ತಿತ್ತು.

ಆಷಾಢದಲ್ಲಿ ಬುಧನಿ ಸತ್ತಳು. ಅಸ್ಸಾಮಿನಿಂದ ಏಜೆಂಟನೊಬ್ಬ ಕರೆತಂದಿದ್ದ ಆಳುಗಳ ಗುಂಪಿಗೆ ಅಡುಗೆ ಮಾಡುತ್ತಿದ್ದ ಹೆಂಗಸು. ಗುಲಾಮಗಿರಿ ನಿಂತ, ಸಕ್ಕರೆಗೆ ಕಬ್ಬು ಬೆಳೆಯುವ ದ್ವೀಪಗಳಿಗೆ ನಮ್ಮ ದೇಶದಿಂದ ಹಡಗುಗಳಲ್ಲಿ ಕೂಲಿಗಳನ್ನು ಒಯ್ಯುತ್ತಿದ್ದ ಕಾಲದಲ್ಲೇ, ಛೋಟಾ ನಾಗಪುರದ ಗುಡ್ಡಗಳ ಜನರನ್ನು ಅಸ್ಸಾಮಿನ ಚಹಾ ತೋಟಗಳಿಗೂ ಒಯ್ದಿದ್ದರು. ಬುಧನಿ ಅಂಥವರ ಸಂತತಿ. ಜ್ವರ ಬಂದು ಎರಡೇ ದಿನಕ್ಕೆ ಹೋದಳು. ಏಜೆಂಟನ ಫೋನು ಸ್ವಿಚ್ ಆಫ್. ಜೊತೆಯ ಹೆಂಗಸರಿಗೆ ರೈಟರ್, ಸ್ಟೋರಿನಲ್ಲಿ ಗುದ್ದಲಿ ತೆಗೆದುಕೊಳ್ಳಿ, ಆ ಮೂಲೆಯಲ್ಲಿ ಹೂಳಿ ಎಂದು ಹೇಳಿದ. ಅದು ಪ್ರೇಮಾವತಿಯ ಕಿವಿಗೆ ಬಿತ್ತು. ಬಾಗಿಲ ಹಿಂದಿನ ಗುದ್ದಲಿ ತೆಗೆದುಕೊಂಡು ಹೋದಳು. ಹೋಗುವಾಗ ನನಗೂ ಫೋನ್ ಮಾಡಿದಳು. ಅವಳಿಗೆ ಹಿಂದಿ ಅಷ್ಟಕ್ಕಷ್ಟೆ.

ಗುಡ್ಡದ ಹತ್ತಿರ ನಿಂತು ಅವಳು ಹೇಳಿದಳು, "ಇವ್ರಿಗೆ ಕಾವಲಿನ್ ವಿಷ್ಯ ಹೇಳಿ ಟೀಚರಮ್ಮ. ಮುಚ್ಚಿಟ್ಟು ಊಳಬಾರ್ದು. ಗೊತ್ತಿಲ್ದೋರ್ನ ತಂದು ನಮ್ಮವ್ವನ ಜಾಗಕ್ಕೆ ನಿಲ್ಸ್ದಂಗೆ ಆಯ್ತದೆ."

ನಾನು ಹೇಳಿದೆ. ಇಲ್ಲಿ ಇವಳ ತಾಯಿ ಕಾವಲಿದ್ದಾಳೆ, ನಿಮ್ಮವಳನ್ನು ಮಲಗಿಸಿದರೆ ಕಾವಲು ಅವಳಿಗೆ ಬರುತ್ತದೆ, ಇವಳ ತಾಯಿ ಬಿಡುಗಡೆಯಾಗಿ ಹೋಗುತ್ತಾಳೆ, ಬೇಡವೆನಿಸಿದರೆ ಹೇಳಿ. ಆ ಹೆಂಗಸರು ತಮ್ಮೊಳಗೆ ಮಾತಾಡಿಕೊಂಡರು. ಹಿರಿಯವಳು ಗೇಟು, ಮರ, ಸಿದ್ದಮ್ಮನ ಮಣ್ಣು ನೋಡಿ ಕೇಳಿದಳು: "ಏಕ್ ಕ್ಯೋಂ ಜಾಯೇಗಾ? ದೋನೋ ಬೈಠೇಗಾ. ಬಾತ್ ಕರೇಗಾ."

ಒಬ್ಬಳು ಯಾಕೆ ಹೋಗಬೇಕು, ಇಬ್ಬರೂ ಕೂತಿರಲಿ, ಮಾತಾಡಿಕೊಂಡು.

ನಾನು ಕನ್ನಡದಲ್ಲಿ ಹೇಳುವ ಮೊದಲೇ ಪ್ರೇಮಾವತಿಗೆ ಅರ್ಥವಾಗಿತ್ತು. ಸಣ್ಣಸ್ವಾಮಿ ಮಾತ್ರ, "ಅದೆಂಗಾದಾತು? ರೂಲ್ಸ್ ಅಂಗಿಲ್ವಲ್ಲ" ಎಂದ. "ರೂಲ್ಸ್ ಯಾರ್ ಬರ್ದೋರು ಮಾವ?" ಎಂದು ಪ್ರೇಮಾವತಿ ಅಗೆಯಲು ಶುರುಮಾಡಿದಳು. ಬುಧನಿಯನ್ನು ಸಿದ್ದಮ್ಮನ ಪಕ್ಕದಲ್ಲಿ ಹೂತರು.

ಅದಾದ ಮೇಲಿನ ಸಾವಿಗೆ ಪಕ್ಕದ ಲೈನಿನವರು ಸಾಹುಕಾರರ ಅಂಗಳಕ್ಕೆ ಹೋಗಲಿಲ್ಲ. ಪ್ರೇಮಾವತಿಯ ಬಾಗಿಲಿಗೆ ಬಂದು ಗುದ್ದಲಿ ಕೇಳಿದರು. ಕೊಟ್ಟಳು, ಗುಡ್ಡದಲ್ಲೇ ಹೂತರು. ಮೂರನೆಯ ದಿನ ಸತ್ತವನ ಮಗ ಅದನ್ನು ತೊಳೆದುಕೊಂಡು ಬಂದು, ಹೆಗಲ ಟವೆಲ್ ತೆಗೆದು, ಅವಳ ಅಂಗಳದಲ್ಲಿ ನಿಂತ. ಕಾಫಿ ಸೋಸುತ್ತಿದ್ದ ಪ್ರೇಮಾವತಿ ಹೊರಗೆ ಬಂದು ನೋಡಿ ಗಾಬರಿಯಾದಳು.

"ಏ, ನನ್ ಮುಂದ್ಯಾಕೆ ನಿಂತ್ಯಪ್ಪ? ಟವೆಲ್ ಹಾಕ್ಕೊ ಮೊದ್ಲು. ನಂಗ್ಯಾಕೆ ತಂದುಕೊಡ್ತಿ?"

"ಮತ್ತೆ ಯಾರ್ಗ್ ಕೊಡ್ಲಕ್ಕ?"

ಬಾಗಿಲ ಹಿಂದೆ ಇಡಲು ಈ ಸಲ ಅವಳ ಮನಸ್ಸು ಒಪ್ಪಲಿಲ್ಲ. ಇಬ್ಬರೂ ಗುಡ್ಡಕ್ಕೆ ಹೋಗಿ, ಗೇಟಿನ ಒಳಗೆ ಹಲಸಿನ ಮರದ ಕವಲಿಗೆ ಅದನ್ನು ಸಿಕ್ಕಿಸಿ ಬಂದರು. ಈಗ ಅದು ಅಲ್ಲೇ ಇರುತ್ತದೆ. ಬೇಕಾದವರು ತೆಗೆದುಕೊಳ್ಳುತ್ತಾರೆ, ತೊಳೆದು ಅಲ್ಲೇ ಇಡುತ್ತಾರೆ.

ಹೋದ ಸಂತೆಯ ದಿನ ಸಣ್ಣಸ್ವಾಮಿಯ ಜೊತೆ ನಾನೂ ಹೋಗಿದ್ದೆ. ಗೇಟಿನ ಹೊರಗೇ ನಿಂತು ಅವನು ಕೂಗಿದ: "ಸಿದ್ದಿ, ನಂಗೇನ್ ಅವಸ್ರ ಇಲ್ಲ ಇನ್ನು. ಜನ ಸೇರವ್ರೆ, ಕುಂತ್ಕೊ ವಸಿ."